ತಳದ ತಂತಿ

ಬಸಿಯಲ್ಲಿ ಸುರುವಿಕೊಂಡ ಚಹಾವನ್ನು ಊದಿ ಸಾತಪ್ಪ ಇನ್ನೇನು ತುಟಿಗೆ ಮುಟ್ಟಿಸಬೇಕು, ಮೂಲೆಯಲ್ಲಿದ್ದ ಪೆಟ್ಟಿಗೆ ‘ಟಕ್’ ಎಂದಿತು. ದೀಪ ಹಚ್ಚುವ ಹೊತ್ತು. ಖಾನಾಪುರದಲ್ಲಿ ಆ ಹೊತ್ತಿಗೆ ಕರೆಂಟು ಸೊರಗುವುದು, ಬಲ್ಬಿನೊಳಗಿನ ಎಳೆ ಆರುವ ಕೆಂಡದ ಹಾಗೆ ಕಾಣುವುದು ಯಾರಿಗೂ ಹೊಸದಲ್ಲ. ಆದರೆ ಈ ಮನೆಯ ಟ್ಯೂಬ್‌ಲೈಟು ಮಾತ್ರ ಎರಡು ಸಲ ಕಣ್ಣು ಮಿಟುಕಿಸಿ ಬೆಳ್ಳಗೆ ಬೆಳಗಿ ನಿಂತಿತು. ಪಕ್ಕದ ಮನೆಯ ಹೆಂಗಸರಿಬ್ಬರು ಟಿ.ವಿ. ನೋಡಲೆಂದು ಬಂದು ಕೂತಿದ್ದರು. ಮನೆಯ ಮುದುಕಿ ಇಮಾಮಬೀ ಆ ಹೆಂಗಸರ ಕಡೆಗೊಮ್ಮೆ ನೋಡಿ, ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು.

"ನೋಡಿದೇನ ಸಾತ್ಯಾ? ನಿನ್ನ ಕರೆಂಟಿಗೆ ನನ್ನ ಮಗ ಔಷಧ ಮಾಡ್ಯಾನ."

ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಸಾತಪ್ಪನೂ ನಕ್ಕಂತೆ ಮಾಡಿದ. ಒಂದೆರಡು ಗುಟುಕು ಕುಡಿದು ಬಸಿ ಕೆಳಗಿಟ್ಟ. ಮುದುಕಿ ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಕೆಟ್ಟ ಮನಸ್ಸಿನಿಂದ ಹೇಳಿದ್ದರೆ ಅವನು ತಿರುಗಿ ಎರಡು ಮಾತು ಆಡಿ ಹಗುರಾಗುತ್ತಿದ್ದ. ಅರ್ಧ ಬಸಿ ಚಹಾ ಹಾಗೆಯೇ ಬಿಟ್ಟು, ಕೆಲಸವಿದೆ ಎಂದು ಸುಳ್ಳು ಹೇಳಿ ಎದ್ದು ಬಂದ.

ನಿನ್ನ ಕರೆಂಟು! ಹೌದು, ಅವನದೇ. ಹತ್ತು ವರ್ಷದಿಂದ ಅವನು ಖಾನಾಪುರದ ಲೈನ್‌ಮನ್. ಯಾರ ಮನೆಯ ಫ್ಯೂಜು ಹೋದರೂ ಅವನೇ ಬೇಕು, ಯಾವ ಕಂಬ ವಾಲಿದರೂ ಅವನೇ ಹತ್ತಬೇಕು. ಮದುವೆಮನೆಗಳಲ್ಲಿ ಅವನನ್ನು ಮೊದಲ ಪಂಕ್ತಿಗೇ ಕೂರಿಸುತ್ತಿದ್ದರು, ಊಟದ ನಡುವೆ ಕರೆಂಟು ಹೋದೀತೆಂಬ ಭಯಕ್ಕೆ. ಹೀಗೆಲ್ಲ ಮೆರೆದ ಮನುಷ್ಯನ ಮುಂದೆ ಒಂದು ತಗಡಿನ ಪೆಟ್ಟಿಗೆಯನ್ನು ತಂದಿಟ್ಟು, ನಿನ್ನದು ರೋಗ, ಇದು ಔಷಧ ಎಂದರೆ ಹೇಗಾಗಬೇಡ?

ಅದೂ ಹೇಳಿದವಳು ಇಮಾಮಬೀ. ಹುಟ್ಟೂರು ಬೀಡಿಯಲ್ಲಿ ಅವರ ಎರಡೂ ಮನೆಗಳಿಗೆ ಒಂದೇ ಗೋಡೆ. ಸಾತಪ್ಪನ ಅವ್ವ ಕಾಡವ್ವ ಗಂಡನ ಜೊತೆ ಕುರಿ ಹೊಡೆದುಕೊಂಡು ಹೋದರೆ ತಿಂಗಳುಗಟ್ಟಲೆ ಊರ ಮುಖ ನೋಡುತ್ತಿರಲಿಲ್ಲ. ಹುಡುಗ ಸಾಲಿ ಬಿಡಬಾರದೆಂದು ಅವನನ್ನು ಗೋಡೆಯ ಆಚೆ ಬಿಟ್ಟು ಹೋಗುತ್ತಿದ್ದಳು. ಇಮಾಮಬೀ ಒಂದೇ ತಾಟಿನಲ್ಲಿ ರೊಟ್ಟಿ ಮುರಿದು ಒಂದು ತುಂಡು ತನ್ನ ಮಗ ಕಲಂದರನ ಕಡೆಗೆ, ಒಂದು ತುಂಡು ಇವನ ಕಡೆಗೆ ಸರಿಸುತ್ತಿದ್ದಳು. ಕಲಂದರ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಂಡು ಹೊರಗೆ ಓಡುತ್ತಿದ್ದ. ಸಾತಪ್ಪ ಮಾತ್ರ ತಿನ್ನುವ ಮೊದಲು ಎರಡೂ ತುಂಡುಗಳನ್ನು ಕಣ್ಣಲ್ಲೇ ಅಳೆಯುತ್ತಿದ್ದ. ಒಂದು ದಿನವೂ ಅವನಿಗೆ ಕಡಿಮೆ ಬಿದ್ದಿರಲಿಲ್ಲ. ಆದರೂ ಅಳೆಯುವುದನ್ನು ಬಿಡಲಿಲ್ಲ, ಏನು ಮಾಡುವುದು, ಅವನ ಕಣ್ಣೇ ಹಾಗೆ.

ಇಬ್ಬರೂ ಕೂಡಿಯೇ ಬೆಳಗಾವಿಗೆ ಹೋಗಿ ಎಲೆಕ್ಟ್ರಿಕ್ ಕೆಲಸ ಕಲಿತರು. ಒಂದೇ ಖೋಲಿ, ಒಂದೇ ಸ್ಟೋವು. ಎಪ್ಪತ್ತನಾಲ್ಕರಲ್ಲಿ ಇಬ್ಬರೂ ಒಂದೇ ನೌಕರಿಗೆ ಅರ್ಜಿ ಹಾಕಿದರು. ಸಾತಪ್ಪನಿಗೆ ಸಿಕ್ಕಿತು, ಕಲಂದರನಿಗೆ ಸಿಗಲಿಲ್ಲ. ಆಗ ಇಮಾಮಬೀ ಬೀಡಿಯ ತುಂಬ ಸಕ್ಕರೆ ಹಂಚಿ, ಮನೆಗೆ ಬಂದು ಮಗನಿಗೆ, "ಸಾತ್ಯಾನ್ನ ನೋಡಿ ಕಲಿ" ಎಂದಿದ್ದಳು. ಆ ಮಾತನ್ನು ಸಾತಪ್ಪ ಗೋಡೆಯ ಈಚೆಯಿಂದ ಕೇಳಿದ್ದ. ಆ ರಾತ್ರಿ ಅವನಿಗೆ ಸಿಹಿಯಾದ ನಿದ್ದೆ ಬಂದಿತ್ತು.

ಕಲಂದರ ಬೆಳಗಾವಿಯ ಖಡೇಬಜಾರಿನ ರೇಡಿಯೋ ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಂತ. ಆಮೇಲೆ ಮೋಟಾರಿಗೆ ತಂತಿ ಸುತ್ತುವ ಅಂಗಡಿ. ಆಮೇಲೆ ಅಲ್ಲಿಯದೇ ಶಹಾಪುರದಲ್ಲಿ ಒಂದು ತಗಡಿನ ಶೆಡ್ಡು ಬಾಡಿಗೆಗೆ ಹಿಡಿದು, ಬಿಸ್ಕೀಟಿನ ಡಬ್ಬಿಯೊಳಗೆ ಏನೇನೋ ಜೋಡಿಸಿಕೊಂಡು ಶನಿವಾರ ಶನಿವಾರ ಖಾನಾಪುರಕ್ಕೆ, ಸಾತಪ್ಪನ ಮನೆಗೆ ಬರತೊಡಗಿದ. ಇಳಿದ ಕರೆಂಟನ್ನು ಎತ್ತಿ ಕೊಡುವ ಪೆಟ್ಟಿಗೆ ಮಾಡುತ್ತೇನೆ, ಪರೀಕ್ಷೆಗೆ ನಿನ್ನ ಮನೆಯಂಥ ಜಾಗ ಬೇರೆ ಇಲ್ಲ, ಇಷ್ಟು ಕೆಟ್ಟ ಕರೆಂಟು ಇಡೀ ಜಿಲ್ಲೆಯಲ್ಲಿ ಎಲ್ಲಿಯೂ ಸಿಗುವುದಿಲ್ಲ ಎನ್ನುತ್ತಿದ್ದ. ಸಾತಪ್ಪ ಅದನ್ನು ತಮಾಷೆ ಎಂದೇ ತಿಳಿದ. ಡಬ್ಬಿ ಎರಡು ಸಲ ಸುಟ್ಟು ಮನೆತುಂಬ ಹೊಗೆಯಾಯಿತು. ಸಾತಪ್ಪನ ಹೆಂಡತಿ ಸಿದ್ದಕ್ಕ ಗೊಣಗಿದಳು. ಸಾತಪ್ಪ ಗೊಣಗಲಿಲ್ಲ, ಗೆಳೆಯನ ಹೆಗಲ ಮೇಲೆ ಕೈ ಹಾಕಿ, ಬಿಡಪಾ, ಸಾಹೇಬರಿಗೆ ಹೇಳಿ ನಿನ್ನನ್ನು ಕಂಬ ನಿಲ್ಲಿಸುವ ಗ್ಯಾಂಗಿಗಾದರೂ ಸೇರಿಸುತ್ತೇನೆ ಎಂದ. ಹಾಗೆ ಹೇಳುವಾಗ ಅವನಿಗೆ ಗೆಳೆಯನ ಮೇಲೆ ಎಷ್ಟು ಪ್ರೀತಿ ಉಕ್ಕುತ್ತಿತ್ತೆಂದರೆ, ಒಮ್ಮೊಮ್ಮೆ ಕಣ್ಣು ಒದ್ದೆಯಾಗುತ್ತಿದ್ದವು.

ಒಂದು ಶನಿವಾರ ಡಬ್ಬಿ ಸುಡಲಿಲ್ಲ. ‘ಟಕ್’ ಎಂದಿತು, ಬಲ್ಬು ಬೆಳ್ಳಗಾಯಿತು. ಕಲಂದರ ಸಾತಪ್ಪನನ್ನು ಎತ್ತಿಕೊಂಡು ಕುಣಿದುಬಿಟ್ಟ. ಸಾತಪ್ಪನೂ ಕುಣಿದ. ಆದರೆ ಆ ದಿನದಿಂದ ಅವನ ಹೊಟ್ಟೆಯೊಳಗೆ ಯಾರೋ ಸಣ್ಣಗೆ ಒಲೆ ಹಚ್ಚಿದ ಹಾಗಾಯಿತು.

ಮೊದಲ ಪೆಟ್ಟಿಗೆಯನ್ನು ಊರಿನ ಡಾಕ್ಟರು ಔಷಧಿಯ ಫ್ರಿಜ್ಜಿಗೆಂದು ಕೊಂಡರು. ಆಮೇಲೆ ಖಾನಾವಳಿ, ಆಮೇಲೆ ಫೋಟೋ ಸ್ಟುಡಿಯೋ. ಟಿ.ವಿ.ಗಳು ಬಂದ ಮೇಲಂತೂ ಕೇಳುವುದೇ ಬೇಡ, ಟಿ.ವಿ. ಇದ್ದಲ್ಲಿ ಪೆಟ್ಟಿಗೆ ಇರಲೇಬೇಕು. ಶಹಾಪುರದ ಶೆಡ್ಡು ಉದ್ಯಮಬಾಗದ ಕಾರ್ಖಾನೆಯಾಯಿತು, ಸೈಕಲ್ಲು ಸ್ಕೂಟರಾಗಿ ಸ್ಕೂಟರು ಕಾರಾಯಿತು. ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಅಳಿಯನ ಮನೆಗೆ, ಅಂದರೆ ಮಗಳು ಕರೀಮುನ್ನಿಸಾಳ ಮನೆಗೆ, ಇಮಾಮಬೀ ಬಂದು ಇರತೊಡಗಿದಾಗ ಕಲಂದರ ಅಲ್ಲಿಗೂ ಟಿ.ವಿ. ಮತ್ತು ಪೆಟ್ಟಿಗೆ ತಂದಿಟ್ಟ. ಬೆಳಗಾವಿಗೆ ಬಾ ಎಂದರೆ, ಕಾರ್ಖಾನೆ ಸದ್ದಿನ ನಡುವೆ ನನಗೆ ನಮಾಜು ಆಗುವುದಿಲ್ಲ ಎಂದು ಆಕೆ ಹೋಗಲಿಲ್ಲ.

ಇಷ್ಟಾಗಿಯೂ ಕಲಂದರನಿಗೆ ಸೊಕ್ಕು ಬಂದಿದ್ದರೆ ಸಾತಪ್ಪ ಬದುಕಿಕೊಳ್ಳುತ್ತಿದ್ದ. ದುಡ್ಡು ಕಂಡು ಕಣ್ಣು ಮೇಲೆ ಹೋಗಿವೆ ಮಗನಿಗೆ ಎಂದು ಬೈದುಕೊಂಡಾದರೂ ತಿರುಗುತ್ತಿದ್ದ. ಆ ಪುಣ್ಯಾತ್ಮ ಅಷ್ಟಕ್ಕೂ ಅವಕಾಶ ಕೊಡಲಿಲ್ಲ. ಬಂದರೆ ಕಾರು ದೂರ ನಿಲ್ಲಿಸಿ ನಡೆದು ಬರುವನು, ನೆಲದ ಮೇಲೆ ಚಕ್ಕಳಬಕ್ಕಳ ಹಾಕಿ ಸಿದ್ದಕ್ಕನ ಕೈಯ ಝುಣಕದ ವಡಿ ಕೇಳಿ ತಿನ್ನುವನು. ಸಾತಪ್ಪನಿಗೂ ಒಂದು ಪೆಟ್ಟಿಗೆ ತಂದುಕೊಟ್ಟಿದ್ದ. ಲೈನ್‌ಮನ್ನನ ಮನೆಯಲ್ಲಿ ಅದನ್ನು ಹಚ್ಚಿದರೆ ಜನ ಏನೆಂದಾರು? ಸಾತಪ್ಪ ಅದರ ರಟ್ಟು ಕೂಡ ಬಿಚ್ಚಲಿಲ್ಲ. ಸಿದ್ದಕ್ಕ ಅದರ ಮೇಲೆ ಕೌದಿ ಒಟ್ಟಿದಳು. ಸಂಜೆಯಾದರೆ ಮಂದ ಬೆಳಕಿನಲ್ಲಿ ಅಕ್ಕಿ ಆರಿಸುತ್ತ, ಗಂಡನಿಗೆ ಕೇಳುವ ಹಾಗೆ ಒಂದು ನಿಟ್ಟುಸಿರು ಬಿಡುವಳು.

ಇಮಾಮಬೀಯ ಮಾತು ಕೇಳಿ ಬಂದ ಆ ಸಂಜೆಯೂ ನಿಟ್ಟುಸಿರು ಬಂತು. ಸಾತಪ್ಪ ಕಂಬಳಿ ಹೊದ್ದು ಮಲಗಿದವನು ಎದ್ದು ಕೂತ. ರೋಗ ಇದ್ದರೆ ತಾನೇ ಔಷಧ? ಊರಿನ ಕರೆಂಟೇ ನೆಟ್ಟಗಾದರೆ ಅವನ ಪೆಟ್ಟಿಗೆಯನ್ನು ಮೂಸಿ ನೋಡುವವರು ಯಾರು? ಈ ವಿಚಾರ ಬಂದದ್ದೇ ತಡ, ಅವನಿಗೆ ನಗು ತಡೆಯಲಾಗಲಿಲ್ಲ. ಸಿದ್ದಕ್ಕ ಏನಾಯಿತೆಂದು ಕೇಳಿದರೆ ಹೇಳಲಿಲ್ಲ.

ಮರುದಿನವೇ ಸಾಹೇಬರ ಮುಂದೆ ನಿಂತು, ಊರಿನ ಲೈನಿಗೆಲ್ಲ ಒಮ್ಮೆ ಕೈಯಾಡಿಸುತ್ತೇನೆ ಎಂದ. ದೂರು ಕೇಳಿ ಕೇಳಿ ಬೇಸತ್ತಿದ್ದ ಸಾಹೇಬರು, ಇವನಾಗಿಯೇ ಕೆಲಸ ಕೇಳಿಕೊಂಡು ಬಂದನಲ್ಲ ಎಂದು ಕನ್ನಡಕ ತೆಗೆದು ಅವನ ಮುಖ ನೋಡಿದರು. ದಸರೆಯ ಮರುವಾರ, ಲೈನು ಬಂದ್ ಮಾಡಿಸಿ, ಜೊತೆಗಾರ ಮಾಯಪ್ಪನ ಕೈಗೆ ನಿಚ್ಚಣಿಕೆ ಕೊಟ್ಟು, ಸಾತಪ್ಪ ಪೇಟೆಯ ಮೊದಲನೆಯ ಕಂಬ ಹತ್ತಿದ.

ಹತ್ತಿದವನು ಅಲ್ಲೇ ನಿಂತುಬಿಟ್ಟ. ಕಂಬದ ಮೇಲೆ ಕರೆಂಟಿನ ತಂತಿ ಮೂರು, ಒಂದರ ಕೆಳಗೊಂದು. ಮನೆಮನೆಗೆ ಹೋಗುವ ವಾಯರುಗಳೆಲ್ಲ ತಳದ ತಂತಿಗೇ ಜೋತುಬಿದ್ದಿದ್ದವು. ಮೇಲಿನ ಎರಡರಲ್ಲಿ ಕಾಗೆ ಕೂರುವುದು ಬಿಟ್ಟರೆ ಬೇರೆ ಭಾರವಿಲ್ಲ. ಮೂರು ಎತ್ತು ಕಟ್ಟಿ, ಒಂದರ ಕೊರಳ ಮೇಲೆಯೇ ಬಂಡಿ ಹೇರಿದರೆ ಹೇಗೋ ಹಾಗೆ. ಸಂಜೆ ಊರೆಲ್ಲ ದೀಪ ಹಚ್ಚಿದಾಗ ಆ ಒಂದು ತಂತಿ ಕುಸಿಯದೆ ಇನ್ನೇನಾದೀತು?

ಯಾರು ಮಾಡಿದ್ದೆಂದು ಕೇಳುವ ಹಾಗೇ ಇರಲಿಲ್ಲ. ವಾಯರು ಸುತ್ತಿ ಕೊನೆಗೆ ಹಿಂದಕ್ಕೊಂದು ಸುತ್ತು ಕೊಟ್ಟು ಒತ್ತುವುದು ಸಾತಪ್ಪನ ಕೈಯ ರೂಢಿ. ಕಂಬಕಂಬಕ್ಕೂ ಅದೇ ಸುತ್ತು. ಖಾನಾಪುರದ ಮಳೆಯಲ್ಲಿ, ಜಾರುವ ನಿಚ್ಚಣಿಕೆಯ ಮೇಲೆ, ಹೊಸ ಮನೆಗೆ ಕರೆಂಟು ಕೊಡುವಾಗ ತಳದ ತಂತಿ ಕೈಗೆ ಸಿಗುತ್ತದೆ. ಮೇಲಿನದಕ್ಕೆ ಇನ್ನೆರಡು ಮೆಟ್ಟಿಲು ಹತ್ತಬೇಕು. ಆ ಎರಡು ಮೆಟ್ಟಿಲು ಯಾರು ಹತ್ತುತ್ತಾರೆ? ಅವನಿಗೆ ಕಲಿಸಿದ ಹಿರಿಯ ಲೈನ್‌ಮನ್ನನೂ ಹಾಗೆಯೇ ಮಾಡುತ್ತಿದ್ದ, ಇವನು ಮಾಯಪ್ಪನಿಗೂ ಹಾಗೆಯೇ ಕಲಿಸಿದ್ದ. ಅಂದರೆ ಕಲಂದರನ ಕಾರ್ಖಾನೆಗೆ ಕಲ್ಲು ಹೊತ್ತವನು ತಾನೇ. ಸಾತಪ್ಪನಿಗೆ ಕಂಬದ ಮೇಲೆಯೇ ಮೈಯೆಲ್ಲ ಪರಚಿಕೊಳ್ಳುವಂತಾಯಿತು. ಕೆಳಗಿನಿಂದ ಮಾಯಪ್ಪ, "ಯಾಕಣ್ಣಾ, ಜೇನ ಅದಾವೇನು?" ಎಂದು ಕೂಗಿದ.

ಹೊಟ್ಟೆಕಿಚ್ಚಿಗೆ ಇಷ್ಟು ದುಡಿಯುವ ಶಕ್ತಿ ಇದೆಯೆಂದು ಸಾತಪ್ಪನಿಗೆ ಅಲ್ಲಿಯತನಕ ಗೊತ್ತಿರಲಿಲ್ಲ. ದೀಪಾವಳಿ ಬಂತು, ಹೋಯಿತು, ಚಳಿ ಬಿತ್ತು, ಅವನು ಕಂಬದಿಂದ ಕಂಬಕ್ಕೆ ಹೋಗುತ್ತಲೇ ಇದ್ದ. ಅರ್ಧ ಓಣಿಯನ್ನು ನಡುವಿನ ತಂತಿಗೆ, ಇನ್ನರ್ಧವನ್ನು ಮೇಲಿನದಕ್ಕೆ ಬದಲಿಸಿದ. ಕಪ್ಪಿಟ್ಟ ಜೋಡಣೆಗಳನ್ನು ಕಿತ್ತು, ಉಜ್ಜಿ, ಹೊಸದಾಗಿ ಬಿಗಿದ. ಒಂದೊಂದು ಮನೆ ಬದಲಿಸಿದಾಗಲೂ, ಇಲ್ಲೊಂದು ಪೆಟ್ಟಿಗೆ ಸತ್ತಿತು ಎಂದು ಮನಸ್ಸಿನಲ್ಲೇ ಅನ್ನುತ್ತಿದ್ದ.

ಸಂಕ್ರಾಂತಿಯ ಹೊತ್ತಿಗೆ ಖಾನಾಪುರದ ಸಂಜೆಯೇ ಬೇರೆಯಾಯಿತು. ದರ್ಜಿಯವನು ಕತ್ತಲಾದ ಮೇಲೂ ಹೊಲಿಯತೊಡಗಿದ. ಖಾನಾವಳಿಯ ಮಾಲಕ ಸಾತಪ್ಪನನ್ನು ಕರೆದು ಕೂರಿಸಿ ಖಾರ ಚೂಡಾ ಕೊಟ್ಟು, ಇಂಥ ಮನುಷ್ಯ ತಾಲೂಕಿಗೊಬ್ಬ ಇರಬೇಕು ಎಂದ. ಸಿದ್ದಕ್ಕ ಆರಿಸಿದ ಅಕ್ಕಿಯಲ್ಲಿ ಒಂದು ಹರಳೂ ಉಳಿಯಲಿಲ್ಲ. ನಿಟ್ಟುಸಿರು ನಿಂತಿತ್ತು. ಇಷ್ಟು ಸಾಕಾಗಿತ್ತಲ್ಲವೆ? ಸಾತಪ್ಪನಿಗೆ ಸಾಕಾಗಲಿಲ್ಲ. ಕಲಂದರನ ಸಪ್ಪೆ ಮುಖವೊಂದನ್ನು ನೋಡುವುದು ಬಾಕಿ ಇತ್ತು. ಆಫೀಸಿನ ಸಾಮಾನು ತರುವ ನೆಪ ಮಾಡಿಕೊಂಡು ಬೆಳಗಾವಿಯ ಬಸ್ಸು ಹತ್ತಿದ.

ಉದ್ಯಮಬಾಗದ ಕಾರ್ಖಾನೆಯ ಬಾಗಿಲಲ್ಲಿ ಕಾಲಿಟ್ಟವನಿಗೆ ಮೊದಲು ಕಂಡದ್ದು ಪೆಟ್ಟಿಗೆಗಳ ರಾಶಿ. ನೆಲದಿಂದ ತಗಡಿನ ಮಾಡಿನವರೆಗೆ ಒಟ್ಟಿದ್ದವು. ಮಾಲು ಹೋಗುತ್ತಿಲ್ಲ! ಸಾತಪ್ಪ ರಾಶಿಯನ್ನು ಇನ್ನೊಮ್ಮೆ ತಳದಿಂದ ತುದಿಯವರೆಗೆ ನೋಡಿದ. ಪಾಪ ಎನ್ನಬೇಕು ಎನ್ನಿಸಿತು, ಎನ್ನಲು ಸಿದ್ಧನೂ ಆದ. ಆ ಹಳೆಯ ಪ್ರೀತಿ, ಹೆಗಲ ಮೇಲೆ ಕೈ ಹಾಕುವ ಪ್ರೀತಿ, ಮತ್ತೆ ಉಕ್ಕಿ ಬಂತು.

ಆಚೆಯಿಂದ ಕಲಂದರ ಓಡಿಬಂದು ಅಪ್ಪಿಕೊಂಡ. ಅಂಗಿಗೆಲ್ಲ ವಾರ್ನಿಶ್ ವಾಸನೆ. ಇವನು ಕೇಳುವ ಮೊದಲೇ, ನೋಡು ನನ್ನ ಪಾಡು, ಗೋವಾದ ಲಾರಿ ಬೆಳಿಗ್ಗೆ ಬರಬೇಕಿತ್ತು, ಇನ್ನೂ ಬಂದಿಲ್ಲ, ಕೊಂಕಣದವರು ಫೋನ್ ಮೇಲೆ ಫೋನ್ ಮಾಡುತ್ತಿದ್ದಾರೆ ಎಂದು ತಲೆ ಕೆರೆದುಕೊಂಡ. ಒಳಗೆ ಸಾಲಾಗಿ ಕೂತ ಹೆಣ್ಣುಮಕ್ಕಳು ತಾಮ್ರದ ತಂತಿ ಸುತ್ತುತ್ತಿದ್ದರು. ಇನ್ನೊಂದು ಕೋಣೆಯಲ್ಲಿ ಹೊಸದೇನೋ ತಯಾರಾಗುತ್ತಿತ್ತು. ಟಿ.ವಿ.ಯ ಚಿತ್ರ ತಿಳಿಯಾಗಿ ಬರಲು ಅಂಟೆನಾಕ್ಕೆ ಹಚ್ಚುವ ಬೂಸ್ಟರಂತೆ.

"ನಿಮ್ಮೂರಾಗ ಕರೆಂಟ್ ಚಲೋ ಆದಮ್ಯಾಲ ಮಂದಿ ಧೈರ್ಯ ಮಾಡಿ ಟಿ.ವಿ. ತಗೋಳಾಕತ್ತಾರ ದೋಸ್ತ. ಈ ಬೂಸ್ಟರ್ ಭಾಳ ಹೊಂಟಾವ" ಎಂದ ಕಲಂದರ. ಆಮೇಲೆ ಇವನ ಮುಖವನ್ನೇ ನೋಡಿ ಮೆಲ್ಲಗೆ ಕೇಳಿದ: "ಎಲ್ಲಾ ತಳದ ತಂತಿಗೇ ಹಾಕಿದ್ರಿ, ಹೌದಲ್ಲೋ?"

ಸಾತಪ್ಪನ ಕಿವಿ ಬಿಸಿಯಾದವು. "ನಿನಗ ಹೆಂಗ ಗೊತ್ತು?"

"ಶನಿವಾರ ಶನಿವಾರ ನಿಮ್ಮನಿಗೆ ಬರತಿದ್ನೆಲ್ಲ. ಬಸ್‌ ಸ್ಟ್ಯಾಂಡಿನಿಂದ ನಡಕೋತ ಬರೂವಾಗ ಮ್ಯಾಲ ನೋಡೂದ ನನಗ ಚಟ."

"ಮತ್ತ ಆವಾಗ ಯಾಕ ಹೇಳಲಿಲ್ಲ?"

ಕಲಂದರ ಕೈಗೆ ಮೆತ್ತಿದ್ದ ವಾರ್ನಿಶ್ ಉಜ್ಜಿಕೊಂಡ. "ಹೇಳಿದ್ರ ನೀ ಮರುದಿನಾನ ಸರಿ ಮಾಡ್ತಿದ್ದಿ. ನನ್ನ ಪೆಟ್ಟಿಗಿ ಯಾರ ತಗೋತಿದ್ರು? ಆವಾಗ ನನಗಿದ್ದದ್ದು ಅದೊಂದ. ನಿನಗ ನೌಕರಿ ಇತ್ತು, ಅಮ್ಮನ ಬಾಯಾಗ ಹಗಲೂ ರಾತ್ರಿ ನಿನ್ನ ಹೆಸರಿತ್ತು. ಅದನ್ನ ಕೇಳಿ ಕೇಳಿ ನನಗ ಎಷ್ಟ ಹೊಟ್ಟಿ ಉರೀತಿತ್ತು, ನಿನಗೇನ ಗೊತ್ತು."

ಹೇಳಿ ನಕ್ಕುಬಿಟ್ಟ. ಹೇಳಿ ನಗುವಷ್ಟು ಅವನಿಗೆ ಅದು ದೂರ ಹೋಗಿತ್ತು. ಸಾತಪ್ಪನಿಗೆ ನಗು ಬರಲಿಲ್ಲ. ತಾನು ಚಳಿಯಲ್ಲಿ ಕೈ ಒಡೆಸಿಕೊಂಡು ಊರೆಲ್ಲ ಹತ್ತಿ ಇಳಿದದ್ದು ಇವನಿಗೆ ಒಂದು ಇರುವೆ ಕಚ್ಚಿದಷ್ಟೂ ಆಗಿಲ್ಲ. ಅದು ಹೋಗಲಿ, ಹೊಟ್ಟೆಕಿಚ್ಚಿನಲ್ಲಿಯೂ ಇವನೇ ಮೊದಲು, ಅದನ್ನು ಮುಗಿಸುವುದರಲ್ಲಿಯೂ ಇವನೇ ಮೊದಲು. ಅಷ್ಟರಲ್ಲಿ ಲಾರಿ ಬಂತು, ಗದ್ದಲವೆದ್ದಿತು. ಕಲಂದರ ಮೇಜಿನ ಮೇಲಿದ್ದ ಕುಂದಾದ ಪೊಟ್ಟಣವನ್ನು ಇವನ ಕೈಗೆ ತುರುಕಿ, ಬಕ್ರೀದ್ ಆದ ಮೇಲೆ ಅಮ್ಮನ ಕಡೆ ಹೋಗಲು ಆಗಿಲ್ಲ, ಇದನ್ನು ಕೊಡು, ಮುಂದಿನ ವಾರ ಬರುತ್ತೇನೆಂದು ಹೇಳು ಎಂದ. ಪ್ರತಿ ಸಲವೂ ಅವನು ಮುಂದಿನ ವಾರ ಎಂದೇ ಹೇಳುತ್ತಾನೆ ಎಂಬುದು ಸಾತಪ್ಪನಿಗೆ ಗೊತ್ತಿತ್ತು.

ಬಸ್ಸಿನಲ್ಲಿ ಬರುತ್ತ ಅವನು ಒಂದೇ ವಿಚಾರವನ್ನು ಹಿಡಿದುಕೊಂಡ. ಕಲಂದರ ಹೋಗಲಿ, ಕಾರ್ಖಾನೆ ಹೋಗಲಿ. ಇಮಾಮಬೀ ಒಬ್ಬಳು, ಸಾತ್ಯಾ, ಊರಿಗೆ ಬೆಳಕು ಕೊಟ್ಟೆಯಲ್ಲೋ ಎಂದರೆ ಸಾಕು. ಇಷ್ಟು ದಿನ ಬೇಕೆಂದೇ ಅವಳ ಮನೆಯ ಕಡೆ ಹೋಗಿರಲಿಲ್ಲ. ಅವಳೇ ಕರೆಕಳಿಸಲಿ ಎಂದು ಕಾದಿದ್ದ.

ಅವನು ಹೋದಾಗ ಇನ್ನೂ ಬಿಸಿಲಿತ್ತು. ಕರೀಮುನ್ನಿಸಾ ನೀರಿಗೆ ಹೋಗಿದ್ದಳು, ಮುದುಕಿ ಒಬ್ಬಳೇ ಚಾಪೆಯ ಮೇಲೆ ಕೂತಿದ್ದಳು. ಪೊಟ್ಟಣವನ್ನು ಎರಡೂ ಕೈಯಿಂದ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು. ಮಗ ದಪ್ಪಗಾಗಿದ್ದಾನೋ ತೆಳ್ಳಗಾಗಿದ್ದಾನೋ ಕೇಳಿದಳು. ಆಮೇಲೆ ಮೂಲೆಯ ಕಡೆ ಕೈ ಮಾಡಿ, ನೀನು ಬಂದದ್ದು ಚಲೋ ಆಯಿತು, ಪೆಟ್ಟಿಗೆ ಕೆಟ್ಟಿದೆ ನೋಡು ಎಂದಳು.

ಸಾತಪ್ಪ ಕಾದಿದ್ದ ಗಳಿಗೆ ಇದೇ. "ಕೆಟ್ಟಿಲ್ಲಮ್ಮಾ. ಕರೆಂಟ ಚಲೋ ಆಗೇತಿ. ಅದಕ್ಕ ಕೆಲಸ ಇಲ್ಲ ಈಗ. ಇಡೀ ಊರಿಂದು ನಾನ ಮಾಡಿದ್ದು."

"ಹೌದಂತ, ಕರೀಮುನ್ನಿಸಾ ಹೇಳಿದ್ಲು. ಅಲ್ಲಾ ನಿನ್ನ ಕೈ ತಣ್ಣಗಿಡ್ಲಿ" ಎಂದಳು ಇಮಾಮಬೀ. ಎಂದದ್ದು ನಿಜ, ಆದರೆ ಅವಳ ಕಣ್ಣು ಪೆಟ್ಟಿಗೆಯ ಮೇಲೆಯೇ ಇತ್ತು. "ದೀಪದ ಹೊತ್ತಿಗೆ ಅದು ಟಕ್ ಅಂತಿತ್ತು ಸಾತ್ಯಾ. ಕಲಂದರ ಬಂದ ಚಿಲಕ ತಗದಂಗ ಆಗ್ತಿತ್ತು. ಒಮ್ಮೊಮ್ಮಿ ನಾ ಬಾಗಲತನಕ ಎದ್ದ ಹೋಗಿ ಬರತಿದ್ನಿ. ಈಗ ಸಂಜಿ ಆದ್ರ ಬರೇ ಬೆಳಕ. ಏನ ಮಾಡ್ಲಿ ಅದನ್ನ ತಗೊಂಡು?"

ಸಾತಪ್ಪ ಗೋಡೆಗೆ ಒರಗಿ ಕೂತ. ಹೊಟ್ಟೆಯೊಳಗಿನ ಒಲೆ ಭಗ್ಗೆಂದಿತು. ಇಡೀ ಊರಿನ ಬೆಳಕು ಒಂದು ಕಡೆ, ಆ ತಗಡಿನ ಟಕ್ ಒಂದು ಕಡೆ. ಮುದುಕಿಗೆ ಟಕ್ಕೇ ಹೆಚ್ಚಾಯಿತು. ಅದರ ಕಾಲ ಮುಗಿಯಿತಮ್ಮಾ ಎಂದು ಹೇಳಿ ಎದ್ದು ಹೋಗಬಹುದಿತ್ತು. ಹೇಳಬೇಕೆಂದು ಬಾಯಿಯನ್ನೂ ತೆರೆದ. ಅವಳು ಮಡಿಲಿನ ಪೊಟ್ಟಣದ ದಾರವನ್ನು ಬಿಚ್ಚಲಾಗದೆ ಉಗುರಿನಿಂದ ಜಗ್ಗುತ್ತಿದ್ದಳು. ಸಾತಪ್ಪ ಎದ್ದು ಪೆಟ್ಟಿಗೆಯ ಮುಂದೆ ಕೂತ. ಜೇಬಿನಿಂದ ಟೆಸ್ಟರು ತೆಗೆದು, ಪ್ಲಗ್ಗು ಕಿತ್ತು, ಪೆಟ್ಟಿಗೆಯ ಬೆನ್ನು ಬಿಚ್ಚಿದ.

ಒಳಗೆ ಹೆಸರುಕಾಳಿನಷ್ಟು ದೊಡ್ಡ ತಿರುಪೊಂದಿರುತ್ತದೆ. ಕರೆಂಟು ಎಷ್ಟು ಇಳಿದರೆ ಟಕ್ ಎನ್ನಬೇಕು ಎಂಬುದನ್ನು ಗೊತ್ತುಮಾಡುವುದು ಅದೇ. ತನ್ನ ಮನೆಯಲ್ಲಿ ಕೂತು ಕಲಂದರ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದುದನ್ನು ಸಾತಪ್ಪ ಆಗ ನಗುತ್ತ ನೋಡಿದ್ದ. ಈಗ ತಾನೇ ಅದನ್ನು ತುಸುತುಸುವೇ ತಿರುಗಿಸಿದ, ಇಷ್ಟು ಚಲೋ ಕರೆಂಟಿನಲ್ಲಿಯೂ ಸಂಜೆ ಆಗುವ ಸಣ್ಣ ಇಳಿತ ಅದಕ್ಕೆ ತಿಳಿಯುವಷ್ಟು. ಪ್ಲಗ್ಗು ಹಾಕಿ ಕೂತ. ಇಮಾಮಬೀಯೂ ಅದರ ಕಡೆ ನೋಡುತ್ತ ಕೂತಳು.

ಬಿಸಿಲು ಅಂಗಳ ಬಿಟ್ಟು ಹೋಯಿತು. ಆಚೆ ಓಣಿಯಲ್ಲಿ ಹಿಟ್ಟಿನ ಗಿರಣಿ ಸುರುವಾದ ಸದ್ದು ಕೇಳಿತು. ಮಸೀದಿಯಿಂದ ಬಾಂಗಿನ ಕೂಗು ಬಂತು. ಒಂದೊಂದೇ ಮನೆಯಲ್ಲಿ ದೀಪ ಹತ್ತಿತು.

ಟಕ್.

ಇಮಾಮಬೀ ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡು ಬಾಗಿಲ ಕಡೆ ನೋಡಿದಳು. ಹಾಗೆ ನೋಡುತ್ತಲೇ ಇದ್ದು, ನಕ್ಕು, ನಮಾಜಿಗೆ ಎದ್ದು ಒಳಗೆ ಹೋದಳು. ತಿರುಗಿ ಬರುವಾಗ ಅವಳ ಕೈಯಲ್ಲಿ ಎರಡು ಬಸಿಗಳಿದ್ದವು. ಕುಂದಾವನ್ನು ಎರಡಕ್ಕೂ ಹಾಕಿ, ಒಂದನ್ನು ಸಾತಪ್ಪನ ಮುಂದೆ ಸರಿಸಿದಳು. ಇನ್ನೊಂದರ ಮೇಲೆ ತಾಟು ಮುಚ್ಚುತ್ತ, "ಇದು ಕಲಂದರಗ, ಬಂದ್ರ ಬೇಕಲ್ಲ" ಎಂದು ಗೋಡೆಯೊಳಗಿನ ಮಾಡದ ಕಡೆ ನಡೆದಳು.

ಬಿಳಿಯ ಬೆಳಕಿನಲ್ಲಿ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು. ಸಾತಪ್ಪ ತನ್ನ ಬಸಿಗೆ ಇನ್ನೂ ಕೈ ಹಚ್ಚಿರಲಿಲ್ಲ. ತಾಟು ಪೂರ್ತಿ ಮುಚ್ಚುವ ಮೊದಲು, ಆ ಬಸಿಯಲ್ಲಿ ಎಷ್ಟಿದೆ ಎಂದು ಕತ್ತು ಉದ್ದ ಮಾಡಿ ನೋಡುತ್ತಿದ್ದ.